ವಯಸ್ಸು ಕಾಣಬಾರದು ಎಂಬ ಒತ್ತಡ ಮತ್ತು ಹೆಣ್ಣಿನ ದೇಹ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ನಗರದಲ್ಲಾಗಲಿ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಹಳ್ಳಿಗಳಲ್ಲಾಗಲಿ ನಾಲ್ಕು ಜನ ಹೆಂಗಸರು ಒಂದೆಡೆ ಕುಳಿತರೆ ಬಣ್ಣ, ತೂಕ, ನರೆಗೂದಲು, ಮುಖದ ಬಂಗು ಇವುಗಳ ಮಾತು ಬಾರದೆ ಇರುವುದಿಲ್ಲ. ನಗುನಗುತ್ತ ಆರಂಭವಾದ ಮಾತು ಸ್ವಲ್ಪ ಹೊತ್ತಿನಲ್ಲಿ ತಗ್ಗಿದ ದನಿಯ ಪ್ರಶ್ನೆಗಳಾಗಿ ಬದಲಾಗುತ್ತದೆ. ಸ್ತ್ರೀಶಕ್ತಿ ಸಂಘದ ಸಭೆಗಳಲ್ಲಿ, ಮದುವೆಮನೆಯ ಹಿತ್ತಲಿನಲ್ಲಿ, ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ನನ್ನನ್ನು ಹಾಗೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿ ಉತ್ತರಿಸಿದ್ದೇನೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ಯಾವುದಕ್ಕೆ ವೈದ್ಯರ ಬಳಿ ಹೋಗಬೇಕು, ಯಾವುದಕ್ಕೆ ಹೋಗಬೇಕಾಗಿಲ್ಲ ಎಂಬುದನ್ನು ಬೇರ್ಪಡಿಸಿಕೊಳ್ಳಲು ನೆರವಾಗಲಿ ಎಂಬುದು ನನ್ನ ಉದ್ದೇಶ.

ದೇಹಬಿಂಬ ಎಂದರೇನು? ಅದು ರೂಪಕ್ಕಿಂತ ಬೇರೆಯೇ?

ಬೇರೆಯೇ. ಕನ್ನಡಿಯಲ್ಲಿ ಕಾಣುವುದು ರೂಪ. ನಮ್ಮ ದೇಹವನ್ನು ಕುರಿತು ನಾವು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಚಿತ್ರ, ಅದರ ಬಗ್ಗೆ ನಮಗಿರುವ ಭಾವನೆ, ಆ ಭಾವನೆಯ ಕಾರಣದಿಂದ ನಾವು ಮಾಡುವ ಅಥವಾ ಮಾಡದೆ ಬಿಡುವ ಕೆಲಸಗಳು, ಇವೆಲ್ಲ ಸೇರಿದರೆ ದೇಹಬಿಂಬ. ಫೋಟೊ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುವುದು, ‘ತೂಕ ಇಳಿದ ಮೇಲೆ ಉಡುತ್ತೇನೆ’ ಎಂದು ಒಳ್ಳೆಯ ಸೀರೆಯನ್ನು ವರ್ಷಗಟ್ಟಲೆ ಬೀರುವಿನಲ್ಲಿ ಇಡುವುದು, ಹೊಟ್ಟೆ ಕಾಣುತ್ತದೆಂದು ಸಂಜೆಯ ವಾಕಿಂಗ್ ನಿಲ್ಲಿಸಿಬಿಡುವುದು ಇದರಿಂದಲೇ ಬರುತ್ತವೆ. ಒಂದೇ ಮೈಕಟ್ಟಿನ ಅಕ್ಕತಂಗಿಯರಲ್ಲಿ ಒಬ್ಬಳು ನಿರಾಳವಾಗಿಯೂ ಇನ್ನೊಬ್ಬಳು ಸದಾ ಸಂಕೋಚದಲ್ಲಿಯೂ ಬದುಕುವುದನ್ನು ನಾವೆಲ್ಲರೂ ನೋಡಿದ್ದೇವೆ.

ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆನ್ ರಾಬರ್ಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯರು 1997ರಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು: ಹೆಣ್ಣನ್ನು ಬೇರೆಯವರು ನೋಡುವ ಕಣ್ಣಿನಿಂದ ತನ್ನನ್ನು ತಾನೇ ನೋಡಿಕೊಳ್ಳುವ ಅಭ್ಯಾಸ ಅವಳಿಗೆ ಚಿಕ್ಕಂದಿನಿಂದಲೇ ಆಗಿಬಿಡುತ್ತದೆ. ಮರುವರ್ಷ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಲ್ಲಿಸಿ, ಕೆಲವರಿಗೆ ಸ್ವೆಟರ್, ಕೆಲವರಿಗೆ ಈಜುಡುಗೆ ತೊಡಿಸಿ ಗಣಿತದ ಲೆಕ್ಕಗಳನ್ನು ಕೊಟ್ಟರು. ಈಜುಡುಗೆ ತೊಟ್ಟ ಹುಡುಗಿಯರು ಸ್ವೆಟರ್ ತೊಟ್ಟ ಹುಡುಗಿಯರಿಗಿಂತ ಕಡಿಮೆ ಅಂಕ ಪಡೆದರು. ಹುಡುಗರಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ನೋಡುವ ಕಣ್ಣು ಒಳಗೇ ಬಂದು ಕುಳಿತಿದ್ದರೆ ಓದಿಗೆ, ಲೆಕ್ಕಕ್ಕೆ, ಕೆಲಸಕ್ಕೆ ಸಲ್ಲಬೇಕಾದ ಗಮನದ ಒಂದು ಪಾಲನ್ನು ಅದು ತಿನ್ನುತ್ತದೆ.

ಚೆನ್ನಾಗಿ ಕಾಣಬೇಕು ಎಂದು ಆಸೆಪಡುವುದೇ ತಪ್ಪೇ?

ಖಂಡಿತ ಅಲ್ಲ. ಹೂ ಮುಡಿಯುವುದು, ಹುಬ್ಬು ಮಾಡಿಸುವುದು, ಹಬ್ಬಕ್ಕೆ ಹೊಸ ಬಳೆ ತೊಡುವುದು ಸಂತೋಷದ ಕೆಲಸಗಳು. ಅದನ್ನು ಮಾಡದ ದಿನ ಮನೆಯಿಂದ ಹೊರಗೆ ಕಾಲಿಡಲು ಹೆದರಿಕೆಯಾಗುತ್ತದೆ ಎಂದಾದರೆ ಆಗ ವಿಚಾರ ಮಾಡಬೇಕಾಗುತ್ತದೆ.

ಈ ಒತ್ತಡ ಎಲ್ಲಿಂದ ಬರುತ್ತದೆ? ಎಲ್ಲವೂ ಮೊಬೈಲಿನಿಂದಲೇ ಅಲ್ಲವೇ?

ಮೊಬೈಲ್ ಬರುವುದಕ್ಕೆ ಬಹಳ ಮೊದಲೇ ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರ ಇತ್ತು, ‘ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಮಾತ್ರ ಒಂಚೂರು ಕಡಿಮೆ’ ಎಂಬ ಮಾತೂ ಇತ್ತು. ಆ ಹಳೆಯ ಗಾಯದ ಮೇಲೆ ಮಾರುಕಟ್ಟೆ ಬಂದು ಕುಳಿತಿತು. ಫೇರ್ ಅಂಡ್ ಲವ್ಲಿ ಕ್ರೀಮ್ ಭಾರತದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಅದರ ಹೆಸರಿನಿಂದ ‘ಫೇರ್’ ಎಂಬ ಪದ ಹೋಗಿ ‘ಗ್ಲೋ’ ಬಂದದ್ದು 2020ರಲ್ಲಿ. ನಡುವಿನ 45 ವರ್ಷಗಳಲ್ಲಿ ಎರಡು ತಲೆಮಾರಿನ ಹೆಣ್ಣುಮಕ್ಕಳು ಕಪ್ಪು ಹುಡುಗಿಗೆ ಕೆಲಸ ಸಿಗದ, ವರ ಸಿಗದ ಕಥೆಗಳನ್ನು ಜಾಹೀರಾತುಗಳಲ್ಲಿ ನೋಡುತ್ತ ಬೆಳೆದರು. ಅಂತಹ ಚಿತ್ರಣ ಕೂಡದು ಎಂದು ಜಾಹೀರಾತು ಕ್ಷೇತ್ರದ ಸ್ವಯಂನಿಯಂತ್ರಣ ಮಂಡಳಿಯು ಮಾರ್ಗಸೂಚಿ ಹೊರಡಿಸಿದ್ದು 2014ರಲ್ಲಿ.

ಚಿತ್ರಗಳಿಗೆ ಇರುವ ಬಲವನ್ನು ಫಿಜಿ ದ್ವೀಪದ ಅಧ್ಯಯನವೊಂದು ಚೆನ್ನಾಗಿ ತೋರಿಸಿತು. ತುಂಬಿದ ಮೈಯನ್ನೇ ಚೆಲುವೆಂದು ಬಗೆಯುತ್ತಿದ್ದ ಆ ಸೀಮೆಗೆ ಟಿವಿ ಬಂದದ್ದು 1995ರಲ್ಲಿ. ಆನ್ ಬೆಕರ್ ಎಂಬ ಸಂಶೋಧಕಿ ಟಿವಿ ಬಂದ ಕೆಲವೇ ವಾರಗಳಲ್ಲಿ ಒಮ್ಮೆ, 1998ರಲ್ಲಿ ಮತ್ತೊಮ್ಮೆ ಶಾಲಾ ಹುಡುಗಿಯರನ್ನು ಪ್ರಶ್ನಿಸಿದರು. ಊಟ ಮತ್ತು ತೂಕದ ಬಗ್ಗೆ ತೀವ್ರ ಕಳವಳ ಸೂಚಿಸುವ ಅಂಕ ಪಡೆದವರ ಪ್ರಮಾಣ ಮೂರು ವರ್ಷಗಳಲ್ಲಿ ಶೇ. 12.7ರಿಂದ ಶೇ. 29.2ಕ್ಕೆ ಏರಿತ್ತು. ಇಂದು ನಮ್ಮ ಹುಡುಗಿಯರ ಕೈಯಲ್ಲಿರುವ ಮೊಬೈಲಿನಲ್ಲಿ ನಟಿಯರ ಮುಖವಷ್ಟೇ ಅಲ್ಲ, ಫಿಲ್ಟರ್ ಹಾಕಿ ನಯಮಾಡಿದ ಪಕ್ಕದ ಮನೆಯ ಹುಡುಗಿಯ ಮುಖವೂ, ಫಿಲ್ಟರ್ ಹಾಕಿದ ತಮ್ಮದೇ ಮುಖವೂ ಇವೆ. ಸ್ವಂತ ಮುಖದ ತಿದ್ದಿದ ಪ್ರತಿಯೊಂದಿಗೆ ಹೋಲಿಸಿಕೊಳ್ಳುವ ಕಷ್ಟ ನಮ್ಮ ಅಜ್ಜಿಯರಿಗೆ ಇರಲಿಲ್ಲ.

ಆರೋಗ್ಯವಾಗಿದ್ದರೆ ಮುಖದಲ್ಲಿ ಕಾಣಲೇಬೇಕಲ್ಲವೇ? ‘ಹೆಲ್ದಿ ಲುಕ್’ ಬಯಸುವುದರಲ್ಲಿ ತೊಂದರೆ ಏನು?

ಈ ಪ್ರಶ್ನೆಯ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆನ್ನಿಸುತ್ತದೆ, ಏಕೆಂದರೆ ಹಿಂದೆ ‘ಬೆಳ್ಳಗಿರಬೇಕು, ತೆಳ್ಳಗಿರಬೇಕು’ ಎಂದು ನೇರವಾಗಿ ಹೇಳುತ್ತಿದ್ದವರು ಈಗ ‘ಆರೋಗ್ಯ’ ಎಂಬ ಪದದ ಹಿಂದೆ ನಿಂತು ಅದನ್ನೇ ಹೇಳುತ್ತಿದ್ದಾರೆ. ಆರೋಗ್ಯವಾಗಿ ಕಾಣುವುದು ಮತ್ತು ಆರೋಗ್ಯವಾಗಿರುವುದು ಎರಡು ಬೇರೆ ಸಂಗತಿಗಳು. ಎಷ್ಟೋ ಸಲ ಒಂದಕ್ಕೊಂದು ವಿರುದ್ಧವಾಗಿಯೂ ಇರುತ್ತವೆ.

ನನ್ನ ಸೋದರತ್ತೆಯ ಮಗಳೊಬ್ಬಳು 43ನೆಯ ವಯಸ್ಸಿನಲ್ಲಿ ನೆಂಟರ ಮನೆಯ ಉಪನಯನಕ್ಕೆ ಬಂದಾಗ ಎಲ್ಲರೂ ‘ಎಷ್ಟು ಬೆಳ್ಳಗಾಗಿದ್ದೀಯೇ, ಏನು ಹಚ್ಚುತ್ತೀಯ?’ ಎಂದು ಕೇಳಿದರು. ಅವಳಿಗೂ ಖುಷಿಯಾಯಿತು. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದುದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದಳು. ತಿಂಗಳ ನಂತರ ಆಶಾ ಕಾರ್ಯಕರ್ತೆ ಒತ್ತಾಯ ಮಾಡಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿತ್ತು. ಗರ್ಭಕೋಶದ ಗಡ್ಡೆಯಿಂದ ತಿಂಗಳು ತಿಂಗಳೂ ಹೆಚ್ಚು ರಕ್ತ ಹೋಗುತ್ತಿತ್ತು. ನಾವು ಹೊಗಳಿದ್ದು ಅವಳ ರಕ್ತಹೀನತೆಯನ್ನು. ಹೊಗಳಿದವರಲ್ಲಿ ನಾನೂ ಒಬ್ಬಳು; ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಎಣಿಸುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ಸಮೀಕ್ಷೆಯಲ್ಲಿ ಶೇ. 24ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜಿನವರು, ಶೇ. 18.7ರಷ್ಟು ಮಂದಿ ತೂಕ ಸಾಲದವರು. ಅಂದರೆ ನಮ್ಮ ಹೆಂಗಸರ ಅತಿ ದೊಡ್ಡ ಕೊರತೆ ಕನ್ನಡಿಯಲ್ಲಿ ಸುಲಭವಾಗಿ ಕಾಣುವಂಥದ್ದಲ್ಲ. ರಕ್ತದ ಒಂದು ಹನಿಯಲ್ಲಿ ಕಾಣುವಂಥದ್ದು.

ಇದರ ಇನ್ನೊಂದು ಮುಖವೂ ಇದೆ. ಹುಡುಗಿಯರ ಕತ್ತಿನ ಹಿಂಭಾಗ ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನಂತೆ ದಪ್ಪವಾಗಿದ್ದರೆ ತಾಯಂದಿರು ಅದನ್ನು ಕೊಳೆಯೆಂದು ತಿಳಿದು ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ತಿಕ್ಕುತ್ತಾರೆ. ಅದು ಬಹಳ ಸಲ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ಮುಟ್ಟು ಸರಿಯಾಗಿ ಆಗದೆ, ಮುಖದ ಮೇಲೆ ಕೂದಲೂ ಬರುತ್ತಿದ್ದರೆ ಪಾರ್ಲರಿಗೆ ಹೋಗುವ ಮೊದಲು ವೈದ್ಯರ ಬಳಿ ಹೋಗಿ ಸಕ್ಕರೆಯ ಪರೀಕ್ಷೆ ಮಾಡಿಸಬೇಕು. ದೇಹವು ಒಳಗಿನ ತೊಂದರೆಯನ್ನು ಹೊರಗೆ ಹೇಳುತ್ತಿರುವಾಗ ನಾವು ಅದನ್ನು ಅಂದಗೇಡೆಂದು ಮುಚ್ಚಲು ಹೊರಡುತ್ತೇವೆ.

ಗಂಡಸರಿಗೂ ವಯಸ್ಸಾಗುತ್ತದಲ್ಲ, ಅವರಿಗೆ ಈ ಚಿಂತೆ ಇಲ್ಲವೇ?

ಇದೆ, ಬೋಳುತಲೆಯ ಚಿಂತೆ ಅನೇಕರನ್ನು ಕಾಡುತ್ತದೆ. ಆದರೆ ಅಳತೆಗೋಲು ಬೇರೆ. ಅಮೆರಿಕದ ಲೇಖಕಿ ಸುಸಾನ್ ಸೊಂಟಾಗ್ 1972ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಮುಪ್ಪಿನ ವಿಷಯದಲ್ಲಿ ಸಮಾಜ ಇಟ್ಟುಕೊಂಡಿರುವ ಈ ಇಬ್ಬಗೆಯ ಅಳತೆಯನ್ನು ವಿವರಿಸಿದ್ದರು. ನಮ್ಮಲ್ಲಿ ನರೆತ ಗಂಡಸು ‘ಹಿರಿಯರು’ ಆಗುತ್ತಾರೆ. ನರೆತ ಹೆಂಗಸಿಗೆ ‘ಯಾಕಮ್ಮ, ಹುಷಾರಿಲ್ಲವಾ?’ ಎಂಬ ಪ್ರಶ್ನೆ ಎದುರಾಗುತ್ತದೆ.

ಇದು ಪೇಟೆಯ ಹೆಂಗಸರ ಚಿಂತೆ. ತೋಟ ಗದ್ದೆಯಲ್ಲಿ ದುಡಿಯುವವರಿಗೆ ಇದಕ್ಕೆಲ್ಲ ಪುರುಸೊತ್ತು ಎಲ್ಲಿದೆ?

ಹೀಗೆ ಕೇಳುವವರು ಹೆಚ್ಚಾಗಿ ತೋಟ ಗದ್ದೆಯಲ್ಲಿ ದುಡಿಯದವರೇ ಆಗಿರುತ್ತಾರೆ. ಹೊಸನಗರದ ಕಡೆ ಅಡಿಕೆ ಸುಗ್ಗಿಯಲ್ಲಿ ರಾತ್ರಿ ಹತ್ತು ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸೊಬ್ಬಳು ನನಗೆ ಪರಿಚಯ. ಹಸಿ ಅಡಿಕೆಯ ಚೊಗರು ಬೆರಳಿಗೆ ಹತ್ತಿದರೆ ಕಪ್ಪಾಗಿ ಕೂತುಬಿಡುತ್ತದೆ. ಉಗುರಿನ ಸಂದಿಯಲ್ಲಂತೂ ವಾರಗಟ್ಟಲೆ ಹೋಗುವುದಿಲ್ಲ. ತಂಗಿಯ ಮಗಳ ನಿಶ್ಚಿತಾರ್ಥದ ಹಿಂದಿನ ದಿನ ಅವಳು ಹುಣಸೆಹಣ್ಣು, ಕಲ್ಲುಪ್ಪು, ನಿಂಬೆಯ ಸಿಪ್ಪೆ ಎಲ್ಲದರಿಂದಲೂ ಕೈ ಉಜ್ಜಿ ಬೆರಳ ತುದಿ ಕೆಂಪಾಗಿಸಿಕೊಂಡಿದ್ದಳು. ಆದರೂ ಕಪ್ಪು ಉಳಿಯಿತು. ಮರುದಿನ ಕಾರ್ಯದ ಮನೆಯಲ್ಲಿ ಅವಳು ಇಡೀ ಹೊತ್ತು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಅರಿಶಿನ ಕುಂಕುಮದ ತಟ್ಟೆ ಹಿಡಿಯಲು ಕರೆದಾಗಲೂ ಮುಂದೆ ಬರಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಕೇಳಿದ್ದಕ್ಕೆ, ‘ಕೈ ಕಂಡರೆ ಸುಲಿಯೋಕೆ ಹೋಗೋಳು ಅಂತ ಗಂಡಿನ ಕಡೆಯವರಿಗೆ ಗೊತ್ತಾಗ್ತದಲ್ಲ ಅಕ್ಕಾ’ ಎಂದಳು.

ದುಡಿಯುವ ಹೆಂಗಸಿನ ಮೇಲೆ ಇರುವ ಒತ್ತಡ ಎರಡು ಪಟ್ಟು. ಬಿಸಿಲು, ಹೊಗೆ, ಚೊಗರು ಅವಳ ಚರ್ಮಕ್ಕೆ ಬೇಗನೆ ವಯಸ್ಸು ತರುತ್ತವೆ, ಮತ್ತು ಆ ಗುರುತುಗಳನ್ನು ನೋಡಿದವರು ಅವಳ ಅಂದವನ್ನಷ್ಟೇ ಅಲ್ಲದೆ ಅವಳ ಅಂತಸ್ತನ್ನೂ ಅಳೆಯುತ್ತಾರೆ.

ಮುಟ್ಟು ನಿಲ್ಲುವ ಹೊತ್ತಿಗೆ ನನ್ನ ದೇಹವೇ ನನ್ನದಲ್ಲ ಎನ್ನಿಸುತ್ತಿದೆ. ಇದು ಸಹಜವೇ?

ಸಹಜ. ಭಾರತದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46–47. ಸತತ 12 ತಿಂಗಳು ಮುಟ್ಟಾಗದಿದ್ದರೆ ನಿಂತಿದೆ ಎಂದು ಲೆಕ್ಕ. ಅದಕ್ಕೆ ಕೆಲವು ವರ್ಷ ಮೊದಲಿನಿಂದಲೇ ಈಸ್ಟ್ರೊಜನ್ ಎಂಬ ಹೆಣ್ಣು ಹಾರ್ಮೋನು ಏರುಪೇರಾಗಿ, ಆಮೇಲೆ ಇಳಿಯುತ್ತದೆ. ಹಿಂದೆ ತೊಡೆ, ಸೊಂಟದಲ್ಲಿ ಕೂಡುತ್ತಿದ್ದ ಕೊಬ್ಬು ಈಗ ಹೊಟ್ಟೆಯಲ್ಲಿ ಕೂಡುತ್ತದೆ. ಚರ್ಮದ ಬಿಗಿತವನ್ನು ಕಾಯುವ ಕೊಲಾಜನ್ ಮೊದಲ ಐದಾರು ವರ್ಷಗಳಲ್ಲಿ ಬೇಗ ಬೇಗ ಇಳಿಯುತ್ತದೆ, ಕೂದಲು ತೆಳ್ಳಗಾಗುತ್ತದೆ, ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯೇರಿ ಬೆವರುತ್ತದೆ, ನಿದ್ದೆ ಕೆಡುತ್ತದೆ. ಇದು ಯಾರ ಸೋಮಾರಿತನದ ಫಲವೂ ಅಲ್ಲ. ‘ಮೈ ಬಿಟ್ಟಿದ್ದಾಳೆ’ ಎನ್ನುವವರಿಗೆ ಇದು ತಿಳಿದಿರುವುದಿಲ್ಲ.

ಈ ಕಾಲದಲ್ಲಿ ನಿಜವಾಗಿ ಗಮನ ಕೊಡಬೇಕಾದದ್ದು ಮುಖದ ಸುಕ್ಕಿಗಲ್ಲ, ಮೂಳೆಗೆ. ಈಸ್ಟ್ರೊಜನ್ ಇಳಿದ ಮೇಲೆ ಮೂಳೆ ವೇಗವಾಗಿ ಸವೆಯುತ್ತದೆ, ಮತ್ತು ಅದು ಕನ್ನಡಿಗೆ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಮಣಿಕಟ್ಟು ಮುರಿದಾಗ ತಿಳಿಯುತ್ತದೆ. ನಮ್ಮದು ಅಕ್ಕಿಯ ಸೀಮೆ, ಅಕ್ಕಿಯಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ವಾರಕ್ಕೆ ಕೆಲವು ದಿನವಾದರೂ ರಾಗಿ, ದಿನವೂ ಹಾಲು ಅಥವಾ ಮಜ್ಜಿಗೆ, ಸೊಪ್ಪು, ಕಾಳು, ಮೀನು ತಿನ್ನುವವರಾದರೆ ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು, ಜೊತೆಗೆ ಭಾರ ಎತ್ತುವಂತಹ ವ್ಯಾಯಾಮ ಬೇಕು. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಪರೀಕ್ಷಿಸಿಕೊಳ್ಳಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿ.

ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕ್ರೀಮಿನಿಂದ ವಾರದಲ್ಲೇ ಬಂಗು ಹೋಯಿತು. ಮುಂದುವರಿಸಬಹುದೇ?

ವಾರದಲ್ಲೇ ಹೋಯಿತು ಎಂಬುದೇ ಎಚ್ಚರಿಕೆಯ ಗಂಟೆ. ಕೊಳವೆಯನ್ನು ತಿರುಗಿಸಿ, ಸಣ್ಣಕ್ಷರದಲ್ಲಿ ಬೆಟಾಮೆಥಾಸೋನ್, ಕ್ಲೊಬೆಟಾಸಾಲ್ ಅಥವಾ ಮೊಮೆಟಾಸೋನ್ ಎಂದು ಇದೆಯೇ ನೋಡಿ. ಇವು ಸ್ಟೀರಾಯ್ಡುಗಳು. ನಿರ್ದಿಷ್ಟ ಚರ್ಮರೋಗಗಳಿಗೆ, ನಿರ್ದಿಷ್ಟ ದಿನಗಳವರೆಗೆ ವೈದ್ಯರು ಕೊಡುವ ಔಷಧಗಳಾದ ಇವನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣಿಸುತ್ತವೆ, ಮೊಡವೆ ಏಳುತ್ತದೆ, ಕೂದಲು ಬೆಳೆಯುತ್ತದೆ. ನಿಲ್ಲಿಸಿದ ಕೂಡಲೇ ಮುಖ ಉರಿದು ಕೆಂಪಾಗುವುದರಿಂದ ಹೆಂಗಸರು ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಇಂತಹ 14 ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿತು. ಈಗಾಗಲೇ ಬಹಳ ದಿನ ಹಚ್ಚಿದ್ದರೆ ಚರ್ಮವೈದ್ಯರನ್ನು ಕಂಡು ಅವರು ಹೇಳಿದಂತೆ ಬಿಡಿಸಿಕೊಳ್ಳಬೇಕು.

ತಯಾರಕರ ವಿಳಾಸವೇ ಇಲ್ಲದ, ‘ಏಳು ದಿನದಲ್ಲಿ ಬಿಳುಪು’ ಎನ್ನುವ ಡಬ್ಬಿಗಳಿಂದ ಇನ್ನೂ ದೂರವಿರಿ. ಅಂತಹ ಕೆಲವು ಕ್ರೀಮುಗಳಲ್ಲಿ ಪಾದರಸವಿರುತ್ತದೆ. ಅದು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಬಂಗು ಬರುವುದು ಮುಖ್ಯವಾಗಿ ಬಿಸಿಲು, ಹಾರ್ಮೋನು ಮತ್ತು ವಂಶದ ಗುಣದಿಂದ, ಬಸುರಿನಲ್ಲಿ ಹೆಚ್ಚುತ್ತದೆ. ಗದ್ದೆಗೆ ಹೋಗುವಾಗ ತಲೆಗೆ ಅಗಲ ಅಂಚಿನ ಟೋಪಿ ಅಥವಾ ಬಟ್ಟೆ, ಸಾಧ್ಯವಿದ್ದರೆ ಸನ್‌ಸ್ಕ್ರೀನ್, ಜೊತೆಗೆ ತಾಳ್ಮೆ ಇದ್ದರೆ ಅದು ಬಹಳ ಮಟ್ಟಿಗೆ ತಿಳಿಯಾಗುತ್ತದೆ. ಪೂರ್ತಿ ಹೋಗದಿದ್ದರೂ ಅದರಿಂದ ಪ್ರಾಣಕ್ಕೆ ಅಪಾಯವಿಲ್ಲ.

ಕೂದಲಿಗೆ ಬಣ್ಣ ಹಚ್ಚುವುದು ಅಪಾಯವೇ?

ಎಲ್ಲರಿಗೂ ಅಲ್ಲ. ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿ ಇರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಅಲರ್ಜಿ ತರುತ್ತದೆ. ಹಣೆ, ಕಿವಿ, ಕಣ್ಣಿನ ರೆಪ್ಪೆ ಊದಿಕೊಳ್ಳುತ್ತವೆ. ಮೊದಲ ಬಾರಿ ಹಚ್ಚುವ ಮುನ್ನ ಕಿವಿಯ ಹಿಂದೆ ಚುಕ್ಕೆಯಷ್ಟು ಹಚ್ಚಿ 48 ಗಂಟೆ ಕಾಯಬೇಕು. ‘ಕರಿ ಮೆಹಂದಿ’ ಎಂಬ ಹೆಸರನ್ನು ನಂಬಬೇಡಿ: ಮದರಂಗಿ ಸೊಪ್ಪು ಕೊಡುವುದು ಕೆಂಪು ಬಣ್ಣ, ಅದರಿಂದ ಕಡುಗಪ್ಪು ಬಂದರೆ ಬೇರೆ ಏನೋ ಬೆರೆತಿದೆ ಎಂದೇ ಅರ್ಥ. ಹಚ್ಚುವುದೂ ಬಿಡುವುದೂ ನಿಮ್ಮ ಇಷ್ಟ. ಬಿಟ್ಟವರನ್ನು ‘ಮುದುಕಿಯಾದೆ’ ಎನ್ನದಿರುವುದು ಉಳಿದವರ ಕೆಲಸ.

ತೂಕ ಇಳಿಸಲು ಪುಡಿ, ಇಂಜೆಕ್ಷನ್ ಎಂದೆಲ್ಲ ಹೇಳುತ್ತಾರೆ. ಏನು ಮಾಡಬೇಕು?

ಮೊದಲು ಇಳಿಸಬೇಕೇ ಎಂಬುದನ್ನು ತಿಳಿಯಿರಿ. ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎಂಬ ಲೆಕ್ಕ) 18.5ರಿಂದ 22.9ರವರೆಗೆ ಸಾಮಾನ್ಯ, 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಎಣಿಸುತ್ತಾರೆ. ಹೆಂಗಸರ ಸೊಂಟದ ಸುತ್ತಳತೆ 80 ಸೆಂ.ಮೀ. ಮೀರಿದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯ ಅಪಾಯ ಹೆಚ್ಚು. ಆದ್ದರಿಂದ ‘ದೇಹ ಹೇಗಿದ್ದರೂ ಸರಿ, ತೂಕದ ಮಾತೇ ಬೇಡ’ ಎಂದು ನಾನು ಹೇಳಲಾರೆ. ಆದರೆ ಅವಮಾನಕ್ಕೆ ಹೆದರಿ ಇಳಿಸುವ ತೂಕಕ್ಕೂ ಸಕ್ಕರೆಯನ್ನು ಹತೋಟಿಗೆ ತರಲು ಇಳಿಸುವ ತೂಕಕ್ಕೂ ದಾರಿ ಬೇರೆ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಊಟ ಬಿಟ್ಟು ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವಿದೆ, ಎರಡು ಮೂರು ತಿಂಗಳ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ, ಮಾಂಸಖಂಡ ಕರಗುತ್ತದೆ. ಬೊಜ್ಜನ್ನು ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. 2025ರಲ್ಲಿ ಭಾರತಕ್ಕೆ ಬಂದ ಟಿರ್ಜೆಪಟೈಡ್‌ನಂತಹ ಇಂಜೆಕ್ಷನ್ನುಗಳು ನಿಜವಾದ ಔಷಧಗಳೇ. ಆದರೆ ಅವು ವೈದ್ಯರು ಪರೀಕ್ಷಿಸಿ ಕೊಡಬೇಕಾದವು, ಮದುವೆಯ ಸೀರೆಗಾಗಿ ಚುಚ್ಚಿಸಿಕೊಳ್ಳುವಂಥವಲ್ಲ.

ಮಗಳ ಎದುರು ಏನು ಆಡಬಾರದು?

ಅವಳ ಬಗ್ಗೆ ಆಡುವ ಮಾತಿಗಿಂತ ನಿಮ್ಮ ಬಗ್ಗೆ ನೀವು ಆಡಿಕೊಳ್ಳುವ ಮಾತನ್ನು ಅವಳು ಹೆಚ್ಚು ಕೇಳಿಸಿಕೊಳ್ಳುತ್ತಾಳೆ. ‘ನೋಡು, ಎಮ್ಮೆಯ ಹಾಗಾಗಿದ್ದೇನೆ’ ಎಂದು ತಾಯಿ ಕನ್ನಡಿಯ ಮುಂದೆ ದಿನವೂ ಹೇಳಿಕೊಂಡರೆ, ತಾಯಿಯಂತೆಯೇ ಮೈಕಟ್ಟು ಪಡೆಯಲಿರುವ ಮಗಳಿಗೆ ಅದು ಮುಂದಿನ ತನ್ನ ಭವಿಷ್ಯವಾಗಿ ಕೇಳಿಸುತ್ತದೆ. ಅವಳು ತಟ್ಟೆಗೆ ಎರಡನೆಯ ಕಡುಬು ಹಾಕಿಕೊಳ್ಳುವಾಗ ಅವಳ ಮೈ ನೋಡಬೇಡಿ.

ಯಾವಾಗ ನೆರವು ಪಡೆಯಬೇಕು?

ಯಾರಿಗೂ ತಿಳಿಯದಂತೆ ಊಟ ಬಿಡುವುದು, ತಿಂದದ್ದನ್ನು ವಾಂತಿ ಮಾಡಿಕೊಳ್ಳುವುದು, ಬೇರೆಯವರಿಗೆ ಕಾಣದ ದೋಷವೊಂದನ್ನು ಗಂಟೆಗಟ್ಟಲೆ ಕನ್ನಡಿಯಲ್ಲಿ ಹುಡುಕುವುದು, ಕಾಲೇಜು ಅಥವಾ ಕೆಲಸ ತಪ್ಪಿಸುವುದು, ಬದುಕೇ ಬೇಡ ಎನ್ನಿಸುವುದು ಕಂಡರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಮನೋವೈದ್ಯ ಡಾ. ಕೆ. ಎ. ಅಶೋಕ್ ಪೈ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ವರ್ಷಗಟ್ಟಲೆ ಬರೆದ ಊರು ನಮ್ಮದು. ಇಲ್ಲಿ ಇದನ್ನು ಹೇಳಿಕೊಳ್ಳಲು ನಾಚಬೇಕಾಗಿಲ್ಲ.

ನೆಂಟರು ‘ದಪ್ಪಗಾದೆ’, ‘ಸೊರಗಿದೆ’ ಎನ್ನುತ್ತಾರೆ. ಏನು ಉತ್ತರಿಸಲಿ?

ನಮ್ಮ ಕಡೆ ‘ಸೊರಗಿದ್ದೀಯಲ್ಲೇ’ ಎಂಬುದು ಎಷ್ಟೋ ಸಲ ಅಕ್ಕರೆಯ ಮಾತು, ಅದಕ್ಕೆ ಮುನಿಯಬೇಕಾಗಿಲ್ಲ. ನೋಯಿಸುವ ಮಾತಾದರೆ, ‘ಅತ್ತೆ, ನನ್ನ ಮೈಯ ಮಾತು ಸಾಕು, ನಿಮ್ಮ ಮಂಡಿನೋವು ಹೇಗಿದೆ ಹೇಳಿ’ ಎಂದು ಮೆಲ್ಲಗೆ ತಿರುಗಿಸಿ. ಮತ್ತೆ ಮತ್ತೆ ಹೇಳಿದರೆ ‘ಇದರಿಂದ ನನಗೆ ಬೇಸರವಾಗುತ್ತದೆ’ ಎಂದು ನೇರವಾಗಿ ಹೇಳಿ. ಹಿರಿಯರಿಗೆ ಹಾಗೆ ಹೇಳುವುದು ಅಗೌರವವಲ್ಲ.

ನನ್ನ ಅಮ್ಮ ಫೋಟೊ ತೆಗೆಸಿಕೊಳ್ಳಲು ಒಪ್ಪುವುದೇ ಇಲ್ಲ. ಏನು ಮಾಡಲಿ?

ಸಾಲಿನಲ್ಲಿ ನಿಲ್ಲಿಸಿ ನಗು ಎನ್ನಬೇಡಿ. ಅವರು ಹೂ ಕಟ್ಟುವಾಗ, ಹಪ್ಪಳ ಒತ್ತುವಾಗ, ದನದ ಮೈ ಸವರುವಾಗ ಕೇಳಿ ತೆಗೆಯಿರಿ, ತೆಗೆದದ್ದನ್ನು ತೋರಿಸಿ, ಬೇಡವೆಂದರೆ ಅಳಿಸಿ. ಎರಡು ಮೂರು ಸಲವಾದ ಮೇಲೆ ಒಂದನ್ನಾದರೂ ಉಳಿಸಿಕೊಳ್ಳಲು ಒಪ್ಪುತ್ತಾರೆ. ನನ್ನ ದೊಡ್ಡಮ್ಮ ‘ಈ ಮುಖಕ್ಕೆ ಎಂತಾ ಫೋಟೊ’ ಎಂದು ಜೀವನವಿಡೀ ತಪ್ಪಿಸಿಕೊಂಡರು. ಅವರು ತೀರಿಕೊಂಡಾಗ ಹಾರ ಹಾಕಲು ಚಿತ್ರವೇ ಇರಲಿಲ್ಲ. ಯಾರದೋ ಮದುವೆಯ ಗುಂಪು ಫೋಟೊದಿಂದ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿದೆವು. ಗೋಡೆಯ ಮೇಲಿನ ಆ ಚಿತ್ರದಲ್ಲಿ ಅವರ ಗದ್ದದ ಕೆಳಗೆ, ಮುಂದಿನ ಸಾಲಿನಲ್ಲಿ ನಿಂತಿದ್ದವರ ಮುಡಿಯ ಮಲ್ಲಿಗೆ ಈಗಲೂ ಅರ್ಧ ಕಾಣುತ್ತದೆ.